ಡ್ರಿಲ್ ಭಾವನ ಪಿರಮಿಡ್ಡು

ನನ್ನ ಅಕ್ಕನ ಗಂಡ ಡ್ರಿಲ್ ಮೇಷ್ಟ್ರು. ನಾನು ಅದೇ ಶಾಲೆಯಲ್ಲಿ ಲೆಕ್ಕದ ಟೀಚರು, ಅವರ ಮನೆಯ ಮೇಲಿನ ಕೋಣೆಯಲ್ಲೇ ಇರುವವಳು. ಹಾಗಾಗಿ ಶಾಲೆಯಲ್ಲೂ ಮನೆಯಲ್ಲೂ ಈ ಮನುಷ್ಯ ಬೇಡವೆಂದರೂ ನನ್ನ ಕಣ್ಣಿಗೆ ಬೀಳುತ್ತಾರೆ. ಬಿದ್ದಾಗಲೆಲ್ಲ ಎರಡು ಮಾತು ಚುಚ್ಚದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ನಾದಿನಿ ಅಂದಮೇಲೆ ಅಷ್ಟು ಸಲಿಗೆಯೂ ಇಲ್ಲದಿದ್ದರೆ ಹೇಗೆ?

ಡ್ರಿಲ್ ಮೇಷ್ಟ್ರು ಎಂದೊಡನೆ ಎದೆ ಉಬ್ಬಿಸಿಕೊಂಡು ನಡೆಯುವ ಆಸಾಮಿಯನ್ನು ನೆನೆಸಿಕೊಳ್ಳಬೇಡಿ. ಭಾವನ ಮಂಡಿ ಎರಡೂ ಸವೆದಿವೆ. ಮೆಟ್ಟಿಲನ್ನು ಅಡ್ಡಡ್ಡವಾಗಿ, ಗೋಡೆ ಹಿಡಿದುಕೊಂಡು ಇಳಿಯುತ್ತಾರೆ. ಬಿಳಿ ಪ್ಯಾಂಟಿನ ಮಂಡಿಯ ಹತ್ತಿರ ನಾರಿನ ಚಾಪೆಯ ಕಂದು ಕಲೆ. ಅಕ್ಕ ಉಜ್ಜಿ ಉಜ್ಜಿ ಬಟ್ಟೆ ಸವೆದಿದೆಯೇ ಹೊರತು ಕಲೆ ಹೋಗಿಲ್ಲ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಾರೆ, ಬಾಯಿ ಅರ್ಧ ತೆರೆದಿರುತ್ತದೆ. ಬೇರೆ ಟೀಚರುಗಳು ನನ್ನ ಕಡೆ ನೋಡಿ ಮುಸಿಮುಸಿ ನಗುತ್ತಾರೆ. ನಾನು ಪುಸ್ತಕ ಮೇಜಿನ ಮೇಲೆ ಕುಕ್ಕಿ ಅವರನ್ನು ಎಬ್ಬಿಸುತ್ತೇನೆ.

"ಭಾವ, ನೊಣ ಹೋಗುತ್ತೆ ಬಾಯೊಳಗೆ."

"ಹೋಗ್ಲಿ ಬಿಡಮ್ಮ, ಅದಾದ್ರೂ ಒಂದು ಕಡೆ ಕೂತ್ಕೊಳ್ಳಲಿ."

ಇಷ್ಟು ದಣಿವು ಎಲ್ಲಿಂದ ಬಂತು ಎಂದರೆ, ಶಾಲೆ ಬಿಟ್ಟ ಮೇಲಿನ ಹೊತ್ತಿನಿಂದ ಬಂತು. ಸಂಜೆ ಗಂಟೆ ಹೊಡೆದರೆ ನಾವೆಲ್ಲ ಚೀಲ ಹೆಗಲಿಗೇರಿಸಿ ಮನೆ ದಾರಿ ಹಿಡಿಯುತ್ತೇವೆ. ಭಾವನ ಎರಡನೇ ಪಾಳಿ ಆಗ ಶುರು. ಅದಕ್ಕೆ ಸಂಬಳವಿಲ್ಲ, ಹೆಸರಿಲ್ಲ, ಹೇಳುವವರು ಕೇಳುವವರು ಇಲ್ಲ.

ಅದು ಶುರುವಾದದ್ದೂ ಹಾಗೇ, ಯಾರೂ ಶುರು ಮಾಡದೆ. ಒಂದು ಸಂಜೆ ಆಟದ ಹಾಲಿಗೆ ಬೀಗ ಹಾಕಲು ಹೋದರೆ ಸುತ್ತಿಟ್ಟ ಚಾಪೆಗಳ ಹಿಂದೆ ಇಬ್ಬರು ಮಕ್ಕಳು ಅವಿತು ಕೂತಿದ್ದರಂತೆ. ಗದರಿಸಿ ಓಡಿಸಿದರಂತೆ. ಮಾರನೇ ದಿನ ನೋಡಿದರೆ ಮತ್ತೆ ಅಲ್ಲೇ, ಜೊತೆಗೆ ಇನ್ನೊಬ್ಬ. "ಮನೆಗೆ ಹೋಗ್ರೋ" ಅಂದರೆ "ಮನೆಗೆ ಬೀಗ ಹಾಕಿದೆ ಮೇಷ್ಟ್ರೇ" ಎಂಬ ಉತ್ತರ. ನಮ್ಮ ಶಾಲೆಯ ಮಕ್ಕಳ ತಂದೆ ತಾಯಂದಿರಲ್ಲಿ ಅರ್ಧಕ್ಕರ್ಧ ಜನ ನೂಲಿನ ಮಿಲ್ಲಿನವರು, ಉಳಿದವರು ದೊಡ್ಡಾಸ್ಪತ್ರೆಯವರು, ಬಸ್ ಡಿಪೋದವರು. ಶಾಲೆ ಬಿಡುವ ಹೊತ್ತಿಗೂ ಅವರು ಕೆಲಸ ಬಿಡುವ ಹೊತ್ತಿಗೂ ನಡುವೆ ಉದ್ದದ ಸಂಜೆಯೊಂದು ಬಿದ್ದಿರುತ್ತದೆ. ಆ ಸಂಜೆಯಲ್ಲಿ ಮಕ್ಕಳು ಬಸ್ಸುಗಳ ಹಿಂದೆ ನೇತಾಡುತ್ತಿದ್ದರು, ಅಂಗಡಿಕಟ್ಟೆಯ ದೊಡ್ಡವರ ಜೊತೆ ಕೂತು ಕೆಟ್ಟ ಮಾತು ಕಲಿಯುತ್ತಿದ್ದರು, ಇಲ್ಲವೇ ಮುಚ್ಚಿದ ಬಾಗಿಲ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಭಾವ ಬೀಗವನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಅದನ್ನು ಹೊತ್ತಿಗೆ ಸರಿಯಾಗಿ ಹಾಕಿದ್ದು ನಾನಂತೂ ನೋಡಿಲ್ಲ.

"ನಿಮಗ್ಯಾಕೆ ಈ ಉಸಾಬರಿ?" ಎಂದು ನಾನು ಕೇಳಿದ್ದಕ್ಕೆ ಲೆಕ್ಕವಿಲ್ಲ.

ಆಟದ ಹಾಲಿನಲ್ಲಿ ಮೊದಲು ಶಾಲೆ ಕೊಟ್ಟ ಮನೆಗೆಲಸ, ಆಮೇಲೆ ಆಟ. ಮನೆಗೆಲಸಕ್ಕೆ ಭಾವನೇ ಗುರುಗಳು, ಅದೇ ನನ್ನ ಕರ್ಮ. ಭಾಗಾಕಾರದಲ್ಲಿ ಸೊನ್ನೆ ಇಡುವುದನ್ನು ಅವರು ಮರೆಯುತ್ತಾರೆ. ಬೆಳಿಗ್ಗೆ ನಾನು ಪುಸ್ತಕ ತಿದ್ದುವಾಗ ಯಾವ ಉತ್ತರದಲ್ಲಿ ಸೊನ್ನೆ ಮಾಯವಾಗಿದೆಯೋ ಅದು ಹಾಲಿಗೆ ಬರುವ ಮಗುವಿನದು ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಬೈದುಕೊಳ್ಳುತ್ತಲೇ ತಿದ್ದುತ್ತೇನೆ. ಆದರೆ ಇದನ್ನೂ ಹೇಳಬೇಕು: ಮೊದಲು ಈ ಮಕ್ಕಳೇ ಮನೆಗೆಲಸ ತರದೆ ಬೆಂಚಿನ ಮೇಲೆ ನಿಲ್ಲುತ್ತಿದ್ದವರು. ತಪ್ಪಾದರೂ ಸರಿ, ಈಗ ತಿದ್ದುವುದಕ್ಕೆ ಏನೋ ಒಂದು ಇರುತ್ತದಲ್ಲ.

ಮನೆಗೆಲಸ ಮುಗಿದ ಮೇಲೆ ಪಿರಮಿಡ್ಡು. ಅದೊಂದೇ ಭಾವನಿಗೆ ಬರುವ ವಿದ್ಯೆ. ಕೆಳಗೆ ನಾಲ್ವರು ಮಂಡಿಯೂರಿ ಬಗ್ಗುವುದು, ಅವರ ಬೆನ್ನ ಮೇಲೆ ಮೂವರು, ಮೇಲೆ ಇಬ್ಬರು, ತುತ್ತತುದಿಯಲ್ಲಿ ಒಬ್ಬ ಕೈ ಚಾಚಿ ನಿಲ್ಲುವುದು. ಒಂದು ದಿನ ಏನೋ ಕೆಲಸಕ್ಕೆ ಹಾಲಿಗೆ ಹೋದವಳು ಅದನ್ನು ನೋಡಿ ಬೆಚ್ಚಿಬಿದ್ದೆ. ತುದಿಯಲ್ಲಿ ನಿಂತವನು ಗುಂಡ! ಶಾಲೆಗೆಲ್ಲ ದಪ್ಪನೆಯ ಹುಡುಗ. ಬುಡದಲ್ಲಿ ಬಗ್ಗಿದವರ ಪೈಕಿ ಕಡ್ಡಿ. ಅವಳ ಹೆಸರು ಬೇರೆ ಏನೋ ಇದೆ, ಆದರೆ ನೋಡಿದವರ ಬಾಯಲ್ಲಿ ಬರುವುದು ಅದೇ. ಜೋರಾಗಿ ಸೀನಿದರೆ ಬೀಳುವಂಥ ಹುಡುಗಿ.

"ಭಾವ, ತಲೆ ನೆಟ್ಟಗಿದೆಯಾ? ಗುಂಡನ್ನ ಮೇಲೆ ಹತ್ತಿಸಿ ಕಡ್ಡೀನ ಕೆಳಗೆ ಹಾಕಿದೀರಲ್ಲ!"

"ಗುಂಡನ ಅಪ್ಪ ಎಲ್ಲರಿಗಿಂತ ಮುಂಚೆ ಬರ್ತಾರಮ್ಮ. ಕಡ್ಡಿ ಅಮ್ಮ ಬರೋದು ಎಲ್ಲರಿಗಿಂತ ಆಮೇಲೆ."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮೊದಲೆಲ್ಲ ಅವರೂ ಗಟ್ಟಿಮುಟ್ಟಾದವರನ್ನೇ ಬುಡಕ್ಕೆ ಹಾಕುತ್ತಿದ್ದರಂತೆ. ಆದರೆ ಬುಡದ ಹುಡುಗನ ಅಪ್ಪ ಬಾಗಿಲಲ್ಲಿ ನಿಂತು "ಬಾರೋ" ಅಂದನೆಂದರೆ, ಇವನು ಎದ್ದು ಓಡುತ್ತಿದ್ದ. ಮೇಲಿನವರೆಲ್ಲ ದಬದಬನೆ ನೆಲಕ್ಕೆ. ಒಮ್ಮೆ ಒಬ್ಬನ ಹಲ್ಲಿನ ಚೂರೂ ಹೋಯಿತು. ಒಂದು ನಿಮಿಷ ಕಾಯಿರಿ ಎಂದು ಆ ತಂದೆ ತಾಯಂದಿರಿಗೆ ಹೇಳಲು ಭಾವನಿಗೆ ಬಾಯಿ ಬರಲಿಲ್ಲ. ಅವರು ನಿಂತಲ್ಲೇ ತೂಕಡಿಸುವಷ್ಟು ಸೋತು ಬಂದಿರುತ್ತಾರೆ. ಹಾಗಾಗಿ ಪಿರಮಿಡ್ಡನ್ನೇ ತಿರುಗಿಸಿ ಕಟ್ಟಿದರು. ಬೇಗ ಹೋಗುವವರು ಮೇಲೆ, ತಡವಾಗಿ ಹೋಗುವವರು ಕೆಳಗೆ. ಕಡ್ಡಿಯನ್ನು ಸಾಲಿನ ತುದಿಯಲ್ಲಿ ಇಟ್ಟಿದ್ದರು. ಅಂಚಿನವರ ಬೆನ್ನಿನ ಮೇಲೆ ಭಾರ ಕಡಿಮೆ. ಒಂದೇ ನಿಯಮ: ನಿಮ್ಮವರು ಬಾಗಿಲಲ್ಲಿ ಕಂಡರೆ ಗಡಿಬಿಡಿ ಮಾಡದೆ ಇಳಿಯಬೇಕು, ಚೀಲ ತಗೋಬೇಕು, ಹೇಳಿ ಹೋಗಬೇಕು. ಒಬ್ಬೊಬ್ಬರೇ ಇಳಿದು ಇಳಿದು ಕೊನೆಗೆ ಕಡ್ಡಿ ಒಬ್ಬಳೇ ಚಾಪೆಯ ಮೇಲೆ ಉಳಿಯುತ್ತಿದ್ದಳು. ಅವಳ ತಾಯಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ. ಹಾಸಿಗೆ ಬಟ್ಟೆಗಳೆಲ್ಲ ಒಣಗಿ ಮಡಚಿ ಮುಗಿಯುವವರೆಗೂ ಬಿಡುವ ಹಾಗಿಲ್ಲ. ಆಗ ಭಾವ ತಾವೂ ಮಂಡಿಯೂರಿ ಅವಳ ಪಕ್ಕ ಬಗ್ಗುತ್ತಿದ್ದರು. "ಒಬ್ಬರೇ ಇದ್ರೆ ಪಿರಮಿಡ್ ಅನ್ನಲ್ಲ ಪುಟ್ಟಿ, ಇಬ್ಬರಿದ್ರೆ ಅನ್ನಬಹುದು" ಅನ್ನುವರು. ಸವೆದ ಮಂಡಿ ಇಟ್ಟುಕೊಂಡು ಈ ವೈಭೋಗ.

ಬೇಸಿಗೆ ರಜೆಯಲ್ಲಾದರೂ ಬಿಡುವು ಸಿಕ್ಕೀತು ಅಂದುಕೊಂಡಿರೇನೋ. ಮಿಲ್ಲಿಗೆ ಬೇಸಿಗೆ ರಜೆ ಇಲ್ಲ, ಆಸ್ಪತ್ರೆಗೂ ಇಲ್ಲ. ಶಾಲೆ ಮುಚ್ಚಿತೆಂದರೆ ಸಂಜೆಯ ಜೊತೆಗೆ ಬೆಳಗೂ ಮಧ್ಯಾಹ್ನವೂ ಭಾವನ ತಲೆಗೇ. ಅವರ ಒಬ್ಬಳೇ ಮಗಳು ಮದುವೆಯಾಗಿ ಹೋದಮೇಲೆ, ಇಬ್ಬರೂ ಎಲ್ಲಾದರೂ ನಾಲ್ಕು ದಿನ ಹೋಗಿ ಬರಬೇಕೆಂದು ಅಕ್ಕ ಪ್ರತಿ ಬೇಸಿಗೆಯೂ ಪೆಟ್ಟಿಗೆ ಒರೆಸಿ ಇಡುತ್ತಾಳೆ. ಪೆಟ್ಟಿಗೆ ಮತ್ತೆ ಅಟ್ಟ ಸೇರುತ್ತದೆ.

ಈ ವರ್ಷ ಆಡಳಿತ ಮಂಡಳಿಯ ಕಣ್ಣು ಆಟದ ಹಾಲಿನ ಮೇಲೆ ಬಿತ್ತು. ಅಧ್ಯಕ್ಷರು ಮರದ ಡಿಪೋ ಇಟ್ಟವರು, ಮಾತು ಕಡಿಮೆ. ಭಾವನನ್ನು ಕರೆಸಿದರು. ಭಾವನಿಗೆ ಮಾತಾಡಲು ಬರುವುದಿಲ್ಲವೆಂದು ಗೊತ್ತಿದ್ದರಿಂದ ನಾನೂ ಹಿಂದೆಯೇ ಹೋಗಿ ನಿಂತೆ.

"ಮೇಷ್ಟ್ರೇ, ಸಂಜೆ ಹೊತ್ತು ಹಾಲ್ ಸುಮ್ನೆ ಬಿದ್ದಿರುತ್ತೆ. ಕೋಚಿಂಗ್ ಕ್ಲಾಸಿನವರು ಕೇಳ್ತಿದಾರೆ, ಸಂಜೆಗೂ ಬೇಸಿಗೆಗೂ."

"ಸುಮ್ನೆ ಬಿದ್ದಿಲ್ಲ ಸಾರ್. ಮಕ್ಕಳಿರ್ತಾರೆ."

"ಏನ್ ಮಾಡ್ತಾರೆ ಮಕ್ಕಳು ಅಲ್ಲಿ?"

ಭಾವ ತಲೆ ಕೆರೆದುಕೊಂಡರು. "ಇರ್ತಾರೆ ಸಾರ್" ಅಂದರು.

ನನಗೆ ಮೈ ಉರಿದುಹೋಯಿತು. ವ್ಯಕ್ತಿತ್ವ ವಿಕಸನ, ಶಿಸ್ತು, ದೇಹದಾರ್ಢ್ಯ ಅಂತ ಏನಾದರೂ ಒಂದು ದೊಡ್ಡ ಮಾತು ಆಡಬಾರದೇ? ನಾನೇ ಬಾಯಿ ಹಾಕಿ, "ಒಳ್ಳೆ ಪಿರಮಿಡ್ ಕಲಿತಿದಾರೆ ಸಾರ್" ಅಂದುಬಿಟ್ಟೆ. ಅಧ್ಯಕ್ಷರು ತಲೆಯಾಡಿಸಿದರು. "ಹಾಗಾದ್ರೆ ವಾರ್ಷಿಕೋತ್ಸವದಲ್ಲಿ ತೋರಿಸಿ. ನೋಡಿ ತೀರ್ಮಾನ ಮಾಡೋಣ."

ಹೊರಗೆ ಬಂದ ಮೇಲೆ ಭಾವ ಮೆಟ್ಟಿಲ ಹತ್ತಿರ ನಿಂತರು. ಇಳಿಯಲಿಲ್ಲ.

"ಒಂದ್ ಮಾತು ಹೇಳ್ತೀನಿ, ನಿಮ್ಮಕ್ಕನಿಗೆ ಹೇಳ್ಬೇಡ. ಅವರು ಮುಚ್ಚಿ ಅಂದ್ರೆ ನಂಗೆ ಬೇಜಾರಿಲ್ಲ. ಸಾಕಾಗಿದೆ. ನಾನಾಗಿ ಆ ಮಕ್ಕಳಿಗೆ ಬರಬೇಡಿ ಅನ್ನೋಕಾಗಲ್ಲ. ಅವರೇ ಅಂದ್ರೆ ಅಂದುಕೊಳ್ಳಲಿ."

"ಮತ್ತೆ ಕಡ್ಡಿ?"

ಅವರು ಗೋಡೆ ಹಿಡಿದು ಅಡ್ಡಡ್ಡ ಇಳಿಯತೊಡಗಿದರು. "ಅದನ್ನೇ ಯೋಚನೆ ಮಾಡಬಾರದು ಅಂತಿದೀನಿ" ಅಂದರು.

ವಾರ್ಷಿಕೋತ್ಸವ ನಡೆದದ್ದು ಅದೇ ಹಾಲಿನಲ್ಲಿ. ಮಧ್ಯಾಹ್ನವೇ ಶುರುವಾಯಿತು. ಪಿರಮಿಡ್ಡು ಮೊದಲೇ ಆಗಿ ಮುಗಿಯಬೇಕಿತ್ತು. ಆದರೆ ಮುಖ್ಯ ಅತಿಥಿಗಳು ಮೈಕು ಹಿಡಿದರೆ ಬಿಡುವ ಪೈಕಿಯಲ್ಲ. ಅವರು ಯುವಜನತೆಯನ್ನು ಉದ್ಧಾರ ಮಾಡಿ ಕೆಳಗಿಳಿಯುವ ಹೊತ್ತಿಗೆ ಕಿಟಕಿಯ ಬಿಸಿಲು ಹಳದಿಗೆ ತಿರುಗಿತ್ತು. ಎಂದಿನ ಹೊತ್ತಿಗೇ ಪಿರಮಿಡ್ಡು ವೇದಿಕೆಗೆ ಬಂತು. ಆಗುವುದೇನೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಭಾವ ಸೀಟಿ ಊದಿದರು. ನಾಲ್ವರು ಬಗ್ಗಿದರು, ಮೂವರು ಹತ್ತಿದರು, ಇಬ್ಬರು ಹತ್ತಿದರು. ಗುಂಡ ಹತ್ತುವಾಗ ಸಭೆಯೆಲ್ಲ ಉಸಿರು ಬಿಗಿಹಿಡಿಯಿತು. ಅವನು ತುದಿಯಲ್ಲಿ ನಿಂತು ಎರಡೂ ಕೈ ಚಾಚಿದಾಗ ಬಿದ್ದ ಚಪ್ಪಾಳೆ ನನ್ನ ಕಿವಿಯಲ್ಲಿ ಇನ್ನೂ ಇದೆ. ಒಬ್ಬರ ಬೆನ್ನೂ ಅಲುಗಲಿಲ್ಲ. ಅಧ್ಯಕ್ಷರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಗೆದ್ದೆವು ಎಂದುಕೊಂಡೆ.

ಆಗ ಪಕ್ಕದ ಬಾಗಿಲು ತೆರೆದು ಗುಂಡನ ಅಪ್ಪ ಒಳಗೆ ಬಂದ, ದಿನವೂ ಬರುವ ಹಾಗೆ, ಬಸ್ ಡಿಪೋದ ಎಣ್ಣೆ ಮೆತ್ತಿದ ಬಟ್ಟೆಯಲ್ಲೇ.

ಗುಂಡ ಕೈ ಇಳಿಸಿದ. ಬಲಗಾಲು, ಎಡಗಾಲು, ಕಲಿಸಿದ ಹಾಗೇ ಒಂದಿಷ್ಟೂ ತಪ್ಪದೆ ಇಳಿದ. ಪರದೆಯ ಹಿಂದಿನಿಂದ ಚೀಲ ತಂದ. "ಹೋಗ್ಬರ್ತೀನಿ ಮೇಷ್ಟ್ರೇ" ಎಂದು ಸಭೆಗೆಲ್ಲ ಕೇಳುವಂತೆ ಹೇಳಿ ಅಪ್ಪನ ಕೈ ಹಿಡಿದ. ಅಪ್ಪ ಕಣ್ಣು ಕಣ್ಣು ಬಿಟ್ಟ. ಸಭೆ ಗೊಳ್ಳೆಂದು ನಕ್ಕಿತು. ಇದೂ ಕಾರ್ಯಕ್ರಮದ ಒಂದು ಭಾಗ ಎಂದುಕೊಂಡು ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

ನಾನು ಹಣೆ ಚಚ್ಚಿಕೊಂಡೆ. ಇವತ್ತು ಇಳಿಯಬೇಡಿ ಎಂದು ಮಕ್ಕಳಿಗೆ ಯಾರು ಹೇಳಿದ್ದರು? ಯಾರೂ ಇಲ್ಲ. ಬಾಗಿಲು ಮತ್ತೆ ತೆರೆಯಿತು. ಮಿಲ್ಲಿನ ಹೆಂಗಸರಿಬ್ಬರು, ತಲೆಕೂದಲಿನ ಮೇಲೆ ಹತ್ತಿಯ ನವಿರು. ಎರಡನೇ ಸಾಲು ಇಳಿಯಿತು. "ಹೋಗ್ಬರ್ತೀನಿ ಮೇಷ್ಟ್ರೇ." ಮತ್ತೊಬ್ಬರು ಬಂದರು, ಮತ್ತೊಬ್ಬ ಇಳಿದ. ಭಾವ ಸೀಟಿಯನ್ನು ತುಟಿಗಿಟ್ಟುಕೊಂಡೇ ನಿಂತಿದ್ದರು. ಊದಲಿಲ್ಲ. ಊದಿ ಏನೆಂದು ಹೇಳಬೇಕಿತ್ತು? ದಿನವೂ ಕಲಿಸಿದ್ದು ಇದನ್ನೇ.

ನಗು ಮೆಲ್ಲಮೆಲ್ಲನೆ ನಿಂತಿತು. ಕೊನೆಗೆ ಅಷ್ಟು ದೊಡ್ಡ ವೇದಿಕೆಯ ಮೇಲೆ ಕಡ್ಡಿ ಒಬ್ಬಳೇ, ಮಂಡಿಯೂರಿ, ಕೈ ಊರಿ, ಕತ್ತು ಮಾತ್ರ ಬಾಗಿಲ ಕಡೆ ತಿರುಗಿಸಿಕೊಂಡು ಉಳಿದಳು. ಪರದೆ ಎಳೆಯಬೇಕಾದ ಜವಾನ ಹಗ್ಗ ಹಿಡಿದುಕೊಂಡು ಅವಳನ್ನೇ ನೋಡುತ್ತ ನಿಂತುಬಿಟ್ಟ.

ಭಾವ ಸೀಟಿಯನ್ನು ಅಂಗಿಯೊಳಗೆ ಸೇರಿಸಿದರು. ಊರಿನ ದೊಡ್ಡವರೆಲ್ಲ ಕೂತಿದ್ದಾರೆಂಬುದು ಅವರಿಗೆ ಮರೆತೇಹೋಗಿತ್ತೋ ಏನೋ. ಹೋಗಿ ಅವಳ ಪಕ್ಕದಲ್ಲಿ ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ ಊರಿ ಬಗ್ಗಿದರು. ಅತಿಥಿಗಳ ಮೈಕು ಅಲ್ಲೇ ಹತ್ತಿರವಿತ್ತು, ಆರಿಸಿರಲಿಲ್ಲ. ಅವರಿಬ್ಬರು ದಿನವೂ ಆಡುವ ಮಾತು ಹಾಲಿಗೆಲ್ಲ ಕೇಳಿಸಿತು.

"ಅಮ್ಮ ಇವತ್ತು ತಡ ಅಂದಿದ್ದಾಳಾ?"

"ಇಲ್ಲ. ಬಟ್ಟೆ ಜಾಸ್ತಿ ಇದ್ರೆ ತಡ ಆಗುತ್ತೆ."

"ಕೈ ನೋಯ್ತಿದ್ಯಾ ಪುಟ್ಟಿ?"

"ಇಲ್ಲ. ನಿಮ್ ಮಂಡಿ?"

"ಅದನ್ನ ಬಿಡು."

"ಮೇಷ್ಟ್ರೇ, ಇವತ್ತು ಇಷ್ಟೊಂದು ಜನ ಯಾರ್ನ ಕರ್ಕೊಂಡು ಹೋಗೋಕೆ ಬಂದಿದಾರೆ?"

ಭಾವ ತಾವೂ ಬಾಗಿಲ ಕಡೆ ನೋಡಿದರು. ಹೀಗೆ ಎಷ್ಟು ಹೊತ್ತು ಹೋಯಿತೋ ಗೊತ್ತಿಲ್ಲ. ಆಮೇಲೆ ಬಾಗಿಲಲ್ಲಿ ಅವಳ ತಾಯಿ ಕಾಣಿಸಿದಳು, ನೀರಲ್ಲಿ ನೆಂದು ನೆಂದು ಸುಕ್ಕುಗಟ್ಟಿದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ. ಅಷ್ಟು ಜನ ತನ್ನ ಕಡೆ ತಿರುಗಿದ್ದು ನೋಡಿ ಹೆದರಿ ಹಿಂದೆ ಸರಿದಳು. ಕಡ್ಡಿ ಎದ್ದಳು, ಚೀಲ ತಂದಳು, ಹೇಳಿ ಹೋದಳು. ಭಾವನಿಗೆ ಏಳಲಾಗಲಿಲ್ಲ. ಜವಾನ ಒಂದು ಕಡೆ, ನಾನೊಂದು ಕಡೆ ಹಿಡಿದು ಎಬ್ಬಿಸಿದೆವು.

ಮಾರನೇ ದಿನ ಅಧ್ಯಕ್ಷರು ಕರೆಸಿದರು, ನಾನೂ ಜೊತೆಗೆ ಹೋದೆ. ಭಾವ ಹಾಲಿನ ಬೀಗದಕೈಯನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡು ಹೋದರು. ಮುಖ ನೋಡಿದರೆ ಬಹಳ ದಿನದ ಮೇಲೆ ಒಳ್ಳೇ ನಿದ್ದೆ ಮಾಡಿದವರ ಹಾಗಿತ್ತು.

"ಆ ತಾಯಿ ದಿನಾ ಅಷ್ಟು ಹೊತ್ತಿಗೇ ಬರೋದಾ?" ಎಂದು ಕೇಳಿದರು ಅಧ್ಯಕ್ಷರು.

"ದಿನಾ ಸಾರ್. ಕೆಲವು ದಿನ ಇನ್ನೂ ತಡ."

"ಅಲ್ಲೀವರೆಗೂ ನೀವು?"

"ಇರ್ತೀನಿ ಸಾರ್."

ಭಾವ ಮೇಜಿನ ಮೇಲಿಟ್ಟಿದ್ದ ಬೀಗದಕೈಯನ್ನು ಅಧ್ಯಕ್ಷರು ಅವರ ಕಡೆಗೇ ಸರಿಸಿದರು. "ಕೋಚಿಂಗ್‌ನವರಿಗೆ ಬೇರೆ ಕಡೆ ನೋಡ್ಕೊಳ್ಳಿ ಅಂತೀನಿ. ನೀವು ನಡೆಸಿ. ಬೇಸಿಗೇಲೂ ನಡೆಸಿ. ಯಾರೂ ಅಡ್ಡ ಬರಲ್ಲ."

ನನಗೆ ಕುಣಿದಾಡುವಷ್ಟು ಸಂತೋಷವಾಯಿತು. ಭಾವ ಕೈ ಮುಗಿದರು, ಬೀಗದಕೈ ತೆಗೆದುಕೊಂಡರು, ಹೊರಗೆ ಬಂದರು. ಮೆಟ್ಟಿಲ ಹತ್ತಿರ ಬಂದವರು ಇಳಿಯದೆ ಮೊದಲ ಮೆಟ್ಟಿಲ ಮೇಲೇ ಕುಸಿದು ಕೂತರು. ನೋಡಿದರೆ ಅಳುತ್ತಿದ್ದಾರೆ. ಅಷ್ಟು ದೊಡ್ಡ ಗಂಡಸು, ಬಿಳಿ ಅಂಗಿಯ ತೋಳಿನಿಂದ ಮೂಗು ಒರೆಸಿಕೊಳ್ಳುತ್ತ.

"ಬೇಡ ಅಂತಾರೆ ಅಂದ್ಕೊಂಡಿದ್ದೆ ಕಣಮ್ಮ" ಅಂದರು. "ಇನ್ನೊಂದು ಬೇಸಿಗೆ ನನ್ನ ಕೈಲಿ ಹೇಗಾಗುತ್ತೆ?"

ನನ್ನ ಸಂತೋಷವೆಲ್ಲ ಜರ್ರನೆ ಇಳಿಯಿತು. ಅಧ್ಯಕ್ಷರು ಹಾಲ್ ಕೊಟ್ಟರು, ಮೆಚ್ಚುಗೆ ಕೊಟ್ಟರು. ಆಳು ಕೊಟ್ಟರೇ? ಆ ಮಕ್ಕಳ ಸಂಜೆ ಬೇಕೆಂದು ಈಗ ಎಲ್ಲರೂ ಒಪ್ಪಿದರು, ಆದರೆ ಆ ಸಂಜೆಯನ್ನು ಹೊರುವ ಬೆನ್ನು ಮಾತ್ರ ಅದೇ ಹಳೆಯದು. ನನಗೆ ಬಂದ ಸಿಟ್ಟಿಗೆ ತಿರುಗಿ ಒಳಗೆ ನುಗ್ಗಿದೆ. "ಸಾರ್, ಇನ್ನೊಬ್ಬರನ್ನ ಕೊಡಿ" ಅಂದೆ. ನೋಡೋಣ ಎಂದರು. ಆ ಮಾತಿನ ಅರ್ಥ ಅವರಿಗೂ ಗೊತ್ತು, ನನಗೂ ಗೊತ್ತು.

ಹೊರಬರುವಷ್ಟರಲ್ಲಿ ಶಾಲೆ ಬಿಡುವ ಗಂಟೆ ಹೊಡೆಯಿತು. ಮಕ್ಕಳು ಹಾಲಿನ ಕಡೆ ಓಡುತ್ತಿದ್ದರು. ಭಾವ ಕಣ್ಣೊರೆಸಿಕೊಂಡು ಏಳಲು ಹೋದವರು, ಅರ್ಧ ಎದ್ದು, ನನ್ನ ಕಡೆ ನೋಡಿದರು. ಇಷ್ಟು ವರ್ಷದಲ್ಲಿ ಈ ಮನುಷ್ಯ ನನ್ನ ಹತ್ತಿರ ಒಂದು ಲೋಟ ನೀರನ್ನೂ ಕೇಳಿ ಪಡೆದವರಲ್ಲ.

"ಇವತ್ತೊಂದು ದಿನ ನೀನು ನೋಡ್ಕೋತೀಯಾ? ಮನೆಗೆ ಹೋಗ್ತೀನಿ."

ಬೀಗದಕೈಯನ್ನು ಅವರ ಕೈಯಿಂದ ಕಿತ್ತುಕೊಂಡೆ. "ಹೋಗಿ. ತಿರುಗಿ ನೋಡಿದ್ರೆ ನನ್ನಾಣೆ" ಅಂದೆ.

ಆ ಸಂಜೆ ಹೇಗೆ ಕಳೆಯಿತೆಂದು ಕೇಳಬೇಡಿ. ನನಗೆ ಪಿರಮಿಡ್ಡು ಬರುವುದಿಲ್ಲ, ಕಳೆದುಹೋದ ಸೊನ್ನೆಗಳನ್ನೆಲ್ಲ ಕೂರಿಸಿ ಹುಡುಕಿಸಿದೆ. ಮಕ್ಕಳು ಮುಖ ಊದಿಸಿಕೊಂಡರು. ಕಡ್ಡಿಯೊಬ್ಬಳೇ ಉಳಿದಾಗ ಅವಳಿಗೂ ನನಗೂ ಮಾತು ಮುಗಿದುಹೋಗಿತ್ತು. ಬಾಗಿಲ ಕಡೆ ನೋಡಿ ನೋಡಿ ನನ್ನ ಕತ್ತೇ ನೋಯತೊಡಗಿತು.

ಮನೆಗೆ ಬಂದಾಗ ಭಾವ ಜಗಲಿಯ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು, ಶೂಸು ಕೂಡ ಬಿಚ್ಚದೆ. ಅಕ್ಕ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಕಣ್ಣು ಕೆಂಪಾಗಿತ್ತು. ಏನಾಯಿತೇ ಎಂದು ಪಿಸುಗುಟ್ಟಿದೆ.

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳಂತೆ. ಗೇಟು ಸದ್ದಾಯಿತೆಂದು ಬಂದು ನೋಡಿದರೆ ಗಂಡ ನಿಂತಿದ್ದಾರೆ, ಬಿಸಿಲು ಇನ್ನೂ ಅಂಗಳದಲ್ಲೇ ಇದೆ. ಈ ಸಂಜೆಯ ಪಾಳಿ ಶುರುವಾಗಿ ಇಷ್ಟು ವರ್ಷದಲ್ಲಿ ಅವರು ಬಿಸಿಲಿರುವಾಗ ಮನೆಗೆ ಬಂದದ್ದು ಎರಡೇ ಸಲ, ನಮ್ಮಪ್ಪ ತೀರಿಕೊಂಡ ದಿನ ಮತ್ತು ಅಕ್ಕನ ಅತ್ತೆ ತೀರಿಕೊಂಡ ದಿನ. ಕೈಯಲ್ಲಿದ್ದ ಒದ್ದೆ ಬಟ್ಟೆ ಕೆಳಗೆ ಬಿತ್ತಂತೆ.

"ಯಾರು ಹೋದ್ರು ರೀ?" ಎಂದು ಕೇಳಿದಳಂತೆ.

"ಯಾರೂ ಹೋಗಿಲ್ಲ ಕಣೇ. ಮನೆಗೆ ಬಂದೆ ಅಷ್ಟೇ" ಅಂದರಂತೆ ಭಾವ.

ಆ ಹಾಲಿಗೆ ಬೆಂಕಿ ಬೀಳಲಿ ಎಂದು ಎಷ್ಟೋ ಸಲ ಶಪಿಸಿದ ಅಕ್ಕ, ಈಗ ಮುಚ್ಚಿಸು ಅನ್ನಲಿಲ್ಲ. ಬಗ್ಗಿ ಗಂಡನ ಶೂಸಿನ ದಾರ ಬಿಚ್ಚುತ್ತ, ತಲೆ ಎತ್ತದೆ, ನನ್ನನ್ನು ಕೇಳಿದಳು: "ವಾರಕ್ಕೊಂದು ದಿನ ಹೀಗೆ ಕಳಿಸ್ತೀಯೇನೇ? ಒಂದೇ ದಿನ. ಸಾಕು."